ಫೆಂಟನಿಲ್ ಗಡಿ ದಾಟೋದು ಎಲ್ಲಿ, ತಡೆಯೋದು ಎಲ್ಲಿ? ಅಂಕಿಅಂಶ ಇಟ್ಟುಕೊಂಡು ಮಾತಾಡೋಣ

ಗಡಿರೇಖೆ

ಅಮೆರಿಕದಲ್ಲಿ 2022ರಲ್ಲಿ ಡ್ರಗ್ಸ್ ಓವರ್‌ಡೋಸ್‌ನಿಂದ ಸತ್ತವರು ಸುಮಾರು 1,08,000 ಜನ. ಅದರಲ್ಲಿ ಸುಮಾರು 74,000 ಸಾವುಗಳಲ್ಲಿ ಫೆಂಟನಿಲ್‌ನಂಥ ಕೃತಕ ಒಪಿಯಾಯ್ಡ್ (ಅಫೀಮಿನ ಥರ ಕೆಲಸ ಮಾಡೋ, ನೋವು ತಗ್ಗಿಸಿ ಮತ್ತು ಬರಿಸೋ ಮದ್ದು) ಇತ್ತು. ಈ ವಿಷಯ ಎತ್ತಿದಾಗಲೆಲ್ಲ ಮಾತು ಮೆಕ್ಸಿಕೊ ಗಡಿಗೆ ಗೋಡೆ ಬೇಕೋ ಬೇಡವೋ ಅನ್ನೋದರಲ್ಲೇ ಮುಗಿದುಹೋಗುತ್ತೆ. ಅದಕ್ಕೇ ಮಾಲು ಎಲ್ಲಿ ಸಿಗ್ತಿದೆ ಅನ್ನೋದನ್ನು ಮೊದಲು ಮುಂದಿಡ್ತೀನಿ.

ಅಲ್ಲಿನ ಗಡಿ ಮತ್ತು ಕಸ್ಟಮ್ಸ್ ಇಲಾಖೆ (ಸಿಬಿಪಿ) 2023ರ ಹಣಕಾಸು ವರ್ಷದಲ್ಲಿ ಹಿಡಿದ ಫೆಂಟನಿಲ್ ಸುಮಾರು 27,000 ಪೌಂಡ್. 2024ರಲ್ಲಿ ಸುಮಾರು 21,900 ಪೌಂಡ್, ಅಂದ್ರೆ 9,900 ಕೆ.ಜಿ. ಹೆಚ್ಚುಕಮ್ಮಿ ಎಲ್ಲವೂ ಮೆಕ್ಸಿಕೊ ಗಡಿಯದ್ದೇ. ಕೆನಡಾ ಗಡಿಯಲ್ಲಿ ಆ ವರ್ಷ ಸಿಕ್ಕಿದ್ದು 43 ಪೌಂಡ್ ಮಾತ್ರ. ಆದರೂ 2025ರ ಫೆಬ್ರುವರಿಯಲ್ಲಿ ಫೆಂಟನಿಲ್ ಕಾರಣ ಕೊಟ್ಟು ಸುಂಕ ಹಾಕಿದ ಆದೇಶಗಳಲ್ಲಿ ಮೆಕ್ಸಿಕೊ, ಚೀನಾ ಜೊತೆ ಕೆನಡಾ ಹೆಸರೂ ಇತ್ತು.

ಮೆಕ್ಸಿಕೊ ಗಡಿಯಲ್ಲಿ ಸಿಗೋದರ ಬಹುಪಾಲು ಮರುಭೂಮಿಯಲ್ಲಿ ಬೇಲಿ ಹಾರಿ ಬಂದವರ ಬ್ಯಾಗಿನಲ್ಲಲ್ಲ. ಸ್ಯಾನ್ ಯಸಿಡ್ರೊ, ಒಟೈ ಮೇಸಾ, ನೊಗಾಲೆಸ್‌ನಂಥ ಅಧಿಕೃತ ಗಡಿಠಾಣೆಗಳಲ್ಲಿ, ದಿನನಿತ್ಯ ಓಡಾಡೋ ಕಾರು, ಲಾರಿಗಳಲ್ಲಿ. ಫೆಡರಲ್ ಕೋರ್ಟುಗಳಲ್ಲಿ ಫೆಂಟನಿಲ್ ಸಾಗಣೆಗೆ ಶಿಕ್ಷೆಯಾದವರಲ್ಲಿ 80%ಕ್ಕಿಂತ ಹೆಚ್ಚು ಜನ ಅಮೆರಿಕದ ಪ್ರಜೆಗಳೇ.

ನನ್ನ ವಾದ ಇಷ್ಟು: ವಲಸಿಗರನ್ನು ತಡೆಯೋ ವ್ಯವಸ್ಥೆ ಬೇರೆ, ಫೆಂಟನಿಲ್ ತಡೆಯೋ ವ್ಯವಸ್ಥೆ ಬೇರೆ. ಒಂದಕ್ಕೆ ಸುರಿದ ದುಡ್ಡು ಇನ್ನೊಂದಕ್ಕೆ ಉಪಯೋಗಕ್ಕೆ ಬರಲ್ಲ.

ಪಣಂಬೂರು

ಗಡಿರೇಖೆ ಸರ್, ಅಂಕಿ ಸರಿ ಇದೆ, ತೀರ್ಮಾನಕ್ಕೆ ಸ್ವಲ್ಪ ಅವಸರ ಆಯ್ತು. ಹಿಡಿದ ಜಾಗವೇ ದಾಟಿದ ಜಾಗ ಅಂತ ಆಗಲ್ಲ. ಗಡಿಠಾಣೆಯಲ್ಲಿ ನಾಯಿ ಇದೆ, ಸ್ಕ್ಯಾನರ್ ಇದೆ, ಪ್ರತಿ ಗಾಡಿಯೂ ನಿಂತೇ ಹೋಗಬೇಕು. ಅಲ್ಲಿ ಹೆಚ್ಚು ಸಿಗೋದು ಸಹಜ. ಬಯಲಿನಲ್ಲಿ ಹುಡುಕುವವರೇ ಕಡಿಮೆ ಇದ್ದರೆ ಸಿಗೋದೂ ಕಡಿಮೆ. ಕಸ್ಟಮ್ಸ್ ಲೆಕ್ಕ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು, ತೂಕ. 21,900 ಪೌಂಡ್ ಅನ್ನೋದು ಶುದ್ಧ ಫೆಂಟನಿಲ್ ಅಲ್ಲ. ನಕಲಿ ಮಾತ್ರೆ ಒಂದರ ತೂಕ ಸುಮಾರು 100 ಮಿ.ಗ್ರಾಂ ಇರುತ್ತೆ, ಒಳಗಿನ ಫೆಂಟನಿಲ್ ಸುಮಾರು 2 ಮಿ.ಗ್ರಾಂ. ಉಳಿದ 98 ಪಾಲು ಬರೀ ಫಿಲ್ಲರ್, ಅಂದ್ರೆ ಗಾತ್ರಕ್ಕೆ ತುಂಬಿದ ಪುಡಿ. ಪುಡಿಯ ಶುದ್ಧತೆ ಅಮೆರಿಕದ ಮಾದಕ ವಸ್ತು ನಿಗ್ರಹ ಸಂಸ್ಥೆ (ಡಿಇಎ) ಪರೀಕ್ಷೆಗಳಲ್ಲಿ 2023ರಲ್ಲಿ ಸರಾಸರಿ 19.5%, 2024ರಲ್ಲಿ 11.36%. ಮಾತ್ರೆ, ಪುಡಿ ಒಟ್ಟಿಗೆ ಸೇರಿಸಿ ಕಿಲೋ ಎಣಿಸಿದರೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಕೂರೋದಿಲ್ಲ. ಹಿಡಿದ ತೂಕ ಇಳಿದರೆ ಮಾಲು ಕಡಿಮೆಯಾಯ್ತಾ, ತಪಾಸಣೆ ಸಡಿಲವಾಯ್ತಾ, ಮಾತ್ರೆ ಬಿಟ್ಟು ಪುಡಿ ಬರೋಕೆ ಶುರುವಾಯ್ತಾ? ಈ ಮೂರನ್ನು ಬೇರೆ ಮಾಡದೆ ಏನೂ ಹೇಳೋಕಾಗಲ್ಲ.

ಗಡಿರೇಖೆ

ಹುಡುಕಿದ ಕಡೆಯೇ ಹೆಚ್ಚು ಸಿಗೋ ಆಯ್ಕೆಯ ದೋಷ ಇದೆ, ಒಪ್ಪಿದೆ. ಅದನ್ನು ದಾಟಿ ನೋಡೋಕೆ ಎರಡು ದಾರಿ ಇದೆ.

ಮೊದಲನೆಯದು ಕೋವಿಡ್ ಕಾಲ. 2020ರ ಮಾರ್ಚ್ 21ರಿಂದ 2021ರ ನವೆಂಬರ್ 8ರವರೆಗೆ ಭೂಗಡಿಯಲ್ಲಿ ಅನಗತ್ಯ ಪ್ರಯಾಣ ನಿಂತಿತ್ತು. ವಿದೇಶಿಯರು ಕಾರಿನಲ್ಲಿ ಬರೋದು ಕಷ್ಟ, ಅಮೆರಿಕನ್ನರು ಮನೆಗೆ ಮರಳೋದಕ್ಕೆ ಅಡ್ಡಿ ಇಲ್ಲ. ಗಡಿಯೇ ಮುಚ್ಚಿದಂತಿದ್ದ ಅದೇ ಅವಧಿಯಲ್ಲಿ ಫೆಂಟನಿಲ್ ಸಾವುಗಳು ಏರಿದವು, ಹೆರಾಯಿನ್ ಜಾಗವನ್ನೂ ಫೆಂಟನಿಲ್ ಹಿಡಿಯಿತು. ಓಡಾಟ ಕಡಿಮೆಯಾದಾಗ ಸಾಗಿಸುವವನು ಗಾತ್ರ ಚಿಕ್ಕದಿರೋ ಮಾಲನ್ನೇ ಆರಿಸಿಕೊಳ್ತಾನೆ.

ಎರಡನೆಯದು ಗಾತ್ರ. ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು, ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಬಲದ್ದು. ರ್‍ಯಾಂಡ್ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಅಮೆರಿಕದಲ್ಲಿ 2016ರಲ್ಲಿ ಬಳಕೆಯಾದ ಹೆರಾಯಿನ್ 47 ಟನ್. ಫೆಂಟನಿಲ್ ಲೆಕ್ಕ ಶುದ್ಧ ರೂಪದಲ್ಲಿ ಹತ್ತು ಟನ್ ಒಳಗೇ. ಮೆಕ್ಸಿಕೊದಿಂದ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಲಾರಿಗಳು ಒಳಗೆ ಬರ್ತವೆ. ಇಡೀ ದೇಶದ ಒಂದು ವರ್ಷದ ಶುದ್ಧ ಮಾಲು ಅದರಲ್ಲಿ ಒಂದೇ ಲಾರಿಗೆ ಹಿಡಿಯುತ್ತೆ. ಇಷ್ಟು ಸಣ್ಣ ಮಾಲಿಗೆ ಮರುಭೂಮಿಯಲ್ಲಿ ನಡೆದು ಬರೋ ಅಪಾಯ ಯಾಕೆ ಬೇಕು?

ಲ್ಯಾಬ್ ಟೇಬಲ್

ತಪಾಸಣೆಯ ಉಪಕರಣಗಳ ಬಗ್ಗೆ ನಾಲ್ಕು ಮಾತು. "ಎಲ್ಲವನ್ನೂ ಸ್ಕ್ಯಾನ್ ಮಾಡಿ" ಅನ್ನೋದು ಹೇಳಿದಷ್ಟು ಸುಲಭ ಇಲ್ಲ.

ಗಾಡಿ ನಡೆಸಿಕೊಂಡೇ ಹಾಯಿಸೋ ದೊಡ್ಡ ಎಕ್ಸ್‌ರೇ ಕಮಾನುಗಳು ಬರೋ ಮೊದಲು ಮೆಕ್ಸಿಕೊ ಗಡಿಯಲ್ಲಿ ಸ್ಕ್ಯಾನ್ ಆಗ್ತಿದ್ದದ್ದು ಪ್ರಯಾಣಿಕ ಗಾಡಿಗಳಲ್ಲಿ ಸುಮಾರು 2%, ಸರಕು ಲಾರಿಗಳಲ್ಲಿ ಸುಮಾರು 15%. ಗುರಿ ಇಟ್ಟದ್ದು 40% ಮತ್ತು 70%. ಕಮಾನು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ವಿದ್ಯುತ್, ಕಾಂಕ್ರೀಟ್, ಲೇನ್ ಬದಲಾವಣೆ ಎಲ್ಲ ಆಗಬೇಕು, ಚಿತ್ರ ಓದೋ ಸಿಬ್ಬಂದಿ ಬೇಕು. ಎಕ್ಸ್‌ರೇಗೆ ಫೆಂಟನಿಲ್ ಅಂತ ಗೊತ್ತಾಗಲ್ಲ, ಇರಬಾರದ ಜಾಗದಲ್ಲಿ ಏನೋ ಇದೆ ಅಂತ ಗೊತ್ತಾಗುತ್ತೆ. ಸ್ಯಾನ್ ಯಸಿಡ್ರೊ ಒಂದರಲ್ಲೇ ದಿನಕ್ಕೆ ಸುಮಾರು 70,000 ಜನ ಗಾಡಿಯಲ್ಲಿ ಬರ್ತಾರೆ. ಒಂದೊಂದು ಗಾಡಿಗೆ ಒಂದು ನಿಮಿಷ ಹೆಚ್ಚಾದರೂ ಸಾಲು ಊರಾಚೆ ಹೋಗುತ್ತೆ.

ಆಮೇಲೆ ಕೈಯಲ್ಲಿ ಹಿಡಿಯೋ ರಾಮನ್ ಸ್ಪೆಕ್ಟ್ರೋಮೀಟರ್, ಅಂದ್ರೆ ಲೇಸರ್ ಬೆಳಕು ಬಿಟ್ಟು ವಸ್ತು ಯಾವುದು ಅಂತ ಗುರುತಿಸೋ ಉಪಕರಣ. ನಮ್ಮ ಸಿ. ವಿ. ರಾಮನ್ ಕಂಡುಹಿಡಿದ ಪರಿಣಾಮವೇ ಇವತ್ತು ಗಡಿಯಲ್ಲಿ ಕೆಲಸ ಮಾಡ್ತಿದೆ ಅನ್ನೋದು ಹೆಮ್ಮೆಯ ವಿಷಯ. ಪ್ಲಾಸ್ಟಿಕ್ ಕವರ್ ಬಿಚ್ಚದೇ ಒಳಗಿನ ಪುಡಿ ಓದಬಹುದು. ಸೋಲೋದು ಎಲ್ಲಿ ಅಂದ್ರೆ, ಮಾತ್ರೆಯಲ್ಲಿ 2% ಫೆಂಟನಿಲ್ ಇದ್ದಾಗ ಫಿಲ್ಲರ್‌ನ ಸಂಕೇತವೇ ಎದ್ದು ಕಾಣುತ್ತೆ, ಬಣ್ಣ ಇದ್ದರೆ ಅದು ಹೊಮ್ಮಿಸೋ ಹೊಳಪು (ಫ್ಲೂರೆಸೆನ್ಸ್) ಎಲ್ಲವನ್ನೂ ಮುಚ್ಚಿಬಿಡುತ್ತೆ. ಇನ್ಫ್ರಾರೆಡ್ ಉಪಕರಣಕ್ಕೂ ಸುಮಾರು 5%ಕ್ಕಿಂತ ಕೆಳಗೆ ಕಾಣೋದು ಕಷ್ಟ. ಹಾಗಾಗಿ ಪಕ್ಕದಲ್ಲಿ ಫೆಂಟನಿಲ್ ಇದೆಯಾ ಅಂತ ನೀರಲ್ಲಿ ಅದ್ದಿ ನೋಡೋ ಟೆಸ್ಟ್ ಸ್ಟ್ರಿಪ್ ಇರಲೇಬೇಕು.

ಜೀವ ಉಳಿಸೋ ಕೆಲಸ ಮಾಡೋ ಸಂಘಟನೆಗಳು ಹಂಚೋದೂ ಇದೇ ಸ್ಟ್ರಿಪ್. ಕನಿಷ್ಠ 10 ಮಿ.ಗ್ರಾಂ ಮಾದರಿಗೆ ಅರ್ಧ ಟೀಚಮಚ ನೀರು. ಮಾದರಿ ಮೆಥ್ ಅಥವಾ ಎಂಡಿಎಂಎ ಅನ್ನೋ ಬೇರೆ ಡ್ರಗ್ಸ್ ಆದರೆ ಒಂದು ಪೂರ್ತಿ ಟೀಚಮಚ, ಯಾಕಂದ್ರೆ ಗಟ್ಟಿ ದ್ರಾವಣದಲ್ಲಿ ಆ ಎರಡು ಸುಳ್ಳು ಪಾಸಿಟಿವ್ ಕೊಡ್ತವೆ. 15 ಸೆಕೆಂಡ್ ಅದ್ದಿ, ಸಮತಟ್ಟಾಗಿಟ್ಟು 2ರಿಂದ 5 ನಿಮಿಷ ಕಾಯಬೇಕು. ಒಂದು ಗೆರೆ ಬಂದರೆ ಫೆಂಟನಿಲ್ ಇದೆ, ಎರಡು ಬಂದರೆ ಸಿಗಲಿಲ್ಲ. ಗರ್ಭಪರೀಕ್ಷೆಯ ಕಿಟ್ ನೋಡಿ ಅಭ್ಯಾಸ ಆದವರು ಇದನ್ನು ಉಲ್ಟಾ ಓದೋ ಅಪಾಯ ಇದೆ. ಮಿಶ್ರಣ ಎಲ್ಲ ಕಡೆ ಸಮ ಇರಲ್ಲ, ಮಾತ್ರೆಯ ಒಂದು ಚೂರಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು. ನೈಟಜೀನ್ ಅನ್ನೋ ಇನ್ನೊಂದು ಕೃತಕ ಒಪಿಯಾಯ್ಡ್ ಗುಂಪಿನ ವಸ್ತುಗಳನ್ನು ಈ ಸ್ಟ್ರಿಪ್ ಹಿಡಿಯೋದೇ ಇಲ್ಲ. 2023ರ ಕೊನೆಯಲ್ಲಿ ಐರ್ಲೆಂಡಿನ ಡಬ್ಲಿನ್, ಕಾರ್ಕ್ ನಗರಗಳಲ್ಲಿ ಹೆರಾಯಿನ್ ಅಂತ ಮಾರಿದ ಪುಡಿಯಲ್ಲಿ ಸಿಕ್ಕಿದ್ದು ಇದೇ ನೈಟಜೀನ್.

ಪಣಂಬೂರು

ನೈಟಜೀನ್ ಮಾತು ಬಂತಲ್ಲ, ಅದಕ್ಕೊಂದು ಹಿನ್ನೆಲೆ ಇದೆ: ಹೆರಾಯಿನ್ ಕಡಿಮೆಯಾದರೆ ಅದರ ಜಾಗಕ್ಕೆ ಇಂಥದ್ದು ಬರಬಹುದು. 2022ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಅಫೀಮು, ಹೆರಾಯಿನ್‌ಗೆ ಮೂಲವಾದ ಗಸಗಸೆ ಬೆಳೆ ನಿಷೇಧಿಸಿತು. ವಿಶ್ವಸಂಸ್ಥೆಯ ಸಮೀಕ್ಷೆ ಪ್ರಕಾರ 2,33,000 ಹೆಕ್ಟೇರ್ ಇದ್ದದ್ದು 2023ರಲ್ಲಿ 10,800ಕ್ಕೆ ಇಳಿಯಿತು, ಅಫೀಮು 6,200 ಟನ್‌ನಿಂದ 333 ಟನ್‌ಗೆ. ಅದೇ ವರ್ಷ ಮ್ಯಾನ್ಮಾರ್ 1,080 ಟನ್‌ನೊಂದಿಗೆ ಮೊದಲ ಸ್ಥಾನಕ್ಕೆ ಬಂತು. ಅಂದ್ರೆ ಒತ್ತಡ ನಮ್ಮ ಈಶಾನ್ಯದ ಕಡೆ, ಮಣಿಪುರ, ಮಿಜೋರಾಂ ಕಡೆ ತಿರುಗ್ತದೆ.

ಇನ್ನು ಬಂದರುಗಳ ವಿಷಯ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾದಲ್ಲಿ ಕೇಂದ್ರದ ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ) ಹಿಡಿದ ಹೆರಾಯಿನ್ 2,988 ಕೆ.ಜಿ. ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು ಅಂತ ಕಾಗದ, ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದ ಎರಡು ಕಂಟೇನರ್, ಆಮದುದಾರ ವಿಜಯವಾಡದ ವಿಳಾಸದಲ್ಲಿ. ಇಂಥ ಕಡೆ ನೋಡಬೇಕಾದ್ದು ಸಂಸ್ಥೆಯ ವಯಸ್ಸು, ಹಿಂದಿನ ವಹಿವಾಟು, ಸರಕಿನ ಬೆಲೆಗೂ ಸಾಗಣೆ ವೆಚ್ಚಕ್ಕೂ ತಾಳೆ ಇದೆಯಾ, ಈ ಸರಕು ಈ ದಾರಿಯಲ್ಲಿ ಬರೋಕೆ ಕಾರಣ ಇದೆಯಾ. ಕಂಟೇನರ್ ತೆರೆಯೋ ಮೊದಲು ಕಾಗದ ಓದಬೇಕು.

ಪಂಜಾಬಿನ ಚಿತ್ರ ಪೂರಾ ಬೇರೆ. 2024ರಲ್ಲಿ ಅಲ್ಲಿ ಬಿಎಸ್‌ಎಫ್‌ಗೆ ಸಿಕ್ಕ ಡ್ರೋನ್ 294. ಬಹಳಷ್ಟು ಮಡಚಿ ಇಡೋ ಸಣ್ಣ ಡ್ರೋನ್‌ಗಳು, ಹಳದಿ ಟೇಪ್ ಸುತ್ತಿದ ಅರ್ಧ ಕಿಲೋ ಆಸುಪಾಸಿನ ಪೊಟ್ಟಣಗಳು. ಬೇಲಿ, ಫ್ಲಡ್‌ಲೈಟ್ ಎಲ್ಲ ಇರೋ ಗಡಿ ಅದು. ಮಾಲು ಮೇಲಿಂದ ಬಂತು.

ಗಡಿರೇಖೆ

ನಮ್ಮಿಂದ ಹೊರಗೆ ಹೋಗೋದರ ಬಗ್ಗೆಯೂ ಮಾತಾಡಬೇಕು. ಚೀನಾ 2019ರ ಮೇ 1ರಿಂದ ಫೆಂಟನಿಲ್ ಬಳಗವನ್ನೇ ಇಡಿಯಾಗಿ ನಿಯಂತ್ರಣಕ್ಕೆ ತಂದಿತು. ಅದಕ್ಕೂ ಮೊದಲು ತಯಾರಾದ ಫೆಂಟನಿಲ್ ಅಂಚೆಯಲ್ಲೇ ಅಮೆರಿಕಕ್ಕೆ ಹೋಗ್ತಿತ್ತು. ಆಮೇಲೆ ಹೋಗತೊಡಗಿದ್ದು ಮೂಲ ರಾಸಾಯನಿಕಗಳು, ಮೆಕ್ಸಿಕೊಗೆ. ವಿಶ್ವಸಂಸ್ಥೆ ಮಾದಕ ವಸ್ತು ಸಾಗಣೆ ತಡೆಯೋ 1988ರ ಒಪ್ಪಂದದ ಪಟ್ಟಿಗೆ 2017ರಲ್ಲಿ ಎರಡು, 2022ರಲ್ಲಿ ಮೂರು ರಾಸಾಯನಿಕ ಸೇರಿಸಿತು. ಪ್ರತಿ ಸಲವೂ ಪಟ್ಟಿಯಲ್ಲಿ ಇಲ್ಲದ, ಒಂದು ಹೆಜ್ಜೆ ಹಿಂದಿನ ರಾಸಾಯನಿಕಕ್ಕೆ ವ್ಯಾಪಾರ ಜಾರಿತು.

ಭಾರತದ ಹೆಸರೂ ಇದರಲ್ಲಿದೆ. 2018ರಲ್ಲಿ ಇಂದೋರ್‌ನಲ್ಲಿ ಡಿಆರ್‌ಐ ಸುಮಾರು 9 ಕೆ.ಜಿ. ಫೆಂಟನಿಲ್ ಹಿಡಿದಾಗ ಬಂಧಿತರಲ್ಲಿ ಒಬ್ಬ ಮೆಕ್ಸಿಕೊದವನು. 2025ರ ಜನವರಿಯಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಫೆಡರಲ್ ಕೋರ್ಟಿನಲ್ಲಿ ಗುಜರಾತಿನ ಎರಡು ರಾಸಾಯನಿಕ ಕಂಪನಿಗಳ ಮೇಲೆ ಆರೋಪಪಟ್ಟಿ ಬಂತು. ಪಾರ್ಸೆಲ್ ಮೇಲೆ ವಿಟಮಿನ್ ಸಿ ಅಂತ ಚೀಟಿ ಇತ್ತು ಅನ್ನೋದು ಅಲ್ಲಿನ ಆರೋಪಗಳಲ್ಲಿ ಒಂದು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2013ರ ನಿಯಂತ್ರಿತ ವಸ್ತುಗಳ ಆದೇಶದಂತೆ ಪಟ್ಟಿಯಲ್ಲಿರೋ ರಾಸಾಯನಿಕ ತಯಾರಿಸೋ, ಮಾರೋ, ಬಳಸೋ ಸಂಸ್ಥೆಗೆ ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ (ಎನ್‌ಸಿಬಿ) ಕಡೆಯಿಂದ ವಿಶಿಷ್ಟ ನೋಂದಣಿ ಸಂಖ್ಯೆ ಬೇಕು, ದಿನದ ದಾಖಲೆ ಇಡಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ರಫ್ತಿಗೆ ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್ ಕಚೇರಿಯ ಎನ್‌ಒಸಿ ಬೇಕು. ಆ ಕಚೇರಿ ಆಮದು ಮಾಡೋ ದೇಶಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ತಿಳಿಸುತ್ತೆ. ಇದೆಲ್ಲ ಪಟ್ಟಿಯಲ್ಲಿರೋ ಹೆಸರಿಗೆ ಮಾತ್ರ ಅನ್ವಯ. ಪಟ್ಟಿಯ ಹೊರಗಿನದಕ್ಕೆ ಮಾರೋ ಕಂಪನಿಯೇ ಕೊಳ್ಳುವವನನ್ನು ವಿಚಾರಿಸಬೇಕು: ಸಣ್ಣ ಪ್ಯಾಕ್ ಯಾಕೆ, ಹಣ ಕ್ರಿಪ್ಟೋದಲ್ಲಿ ಯಾಕೆ, ಚೀಟಿ ಬದಲಿಸಿ ಅಂತ ಯಾಕೆ ಕೇಳ್ತಿದ್ದಾರೆ. ಬೊಮ್ಮಸಂದ್ರ, ಬೀದರ್ ಕಡೆ ಔಷಧಿ, ರಾಸಾಯನಿಕ ಘಟಕಗಳಲ್ಲಿ ರಫ್ತು ನೋಡಿಕೊಳ್ಳೋರು ಈ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಬೇಕು.

ಎಡಿಸನ್ ಕನ್ನಡಿಗ

ಪಾರ್ಸೆಲ್ ಬಗ್ಗೆ ಒಂದು ಸೇರಿಸ್ತೀನಿ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವೂ ಇಲ್ಲ, ವಿವರವಾದ ಘೋಷಣೆಯೂ ಇಲ್ಲ ಅನ್ನೋ ನಿಯಮದಲ್ಲಿ 2024ರ ಹಣಕಾಸು ವರ್ಷದಲ್ಲಿ ಅಮೆರಿಕಕ್ಕೆ ಬಂದದ್ದು 136 ಕೋಟಿ ಪಾರ್ಸೆಲ್. 2025ರ ಮೇನಲ್ಲಿ ಚೀನಾಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಈ ವಿನಾಯಿತಿ ನಿಂತಿತು. ನಮ್ಮೂರಿಂದ ಪಾರ್ಸೆಲ್ ತಡ ಯಾಕೆ ಅಂತ ಕೇಳೋ ಕನ್ನಡಿಗರಿಗೆ ಉತ್ತರದ ಒಂದು ಭಾಗ ಇದು.

ಇಲ್ಲಿ ಅಮೆರಿಕದಲ್ಲಿರೋ ತಂದೆತಾಯಿಗಳಿಗೆ ಗಡಿಗಿಂತ ದೊಡ್ಡ ವಿಷಯ ಕಾಲೇಜು ಹಾಸ್ಟೆಲ್. ಫೋನ್‌ನಲ್ಲಿ ತರಿಸಿದ ಆಕ್ಸಿ (ನೋವಿಗೆ), ಕ್ಸಾನಾಕ್ಸ್ (ಆತಂಕಕ್ಕೆ), ಆಡರಾಲ್ (ಏಕಾಗ್ರತೆಗೆ) ಮಾತ್ರೆ ಔಷಧಿ ಅಂಗಡಿಯದ್ದಲ್ಲ, ಅಚ್ಚಿನಲ್ಲಿ ಒತ್ತಿದ ನಕಲಿ. ಡಿಇಎ 2023ರಲ್ಲಿ ಪರೀಕ್ಷಿಸಿದ ಫೆಂಟನಿಲ್ ಮಾತ್ರೆಗಳಲ್ಲಿ ಹತ್ತಕ್ಕೆ ಏಳರಲ್ಲಿ, 2024ರಲ್ಲಿ ಐದರಲ್ಲಿ ಜೀವಕ್ಕೆ ಅಪಾಯವಾಗೋ 2 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇತ್ತು. ಓವರ್‌ಡೋಸ್ ಆದವರ ಉಸಿರು ಮರಳಿಸೋ ನಲೋಕ್ಸೋನ್ ಮದ್ದಿನ 4 ಮಿ.ಗ್ರಾಂ ನಾರ್ಕಾನ್ ಮೂಗಿನ ಸ್ಪ್ರೇಯನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರೋಕೆ 2023ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಮನೆಯಲ್ಲಿ ಒಂದು ಇಟ್ಟಿರಿ, ಮಕ್ಕಳ ಬ್ಯಾಗಿಗೆ ಒಂದು ಹಾಕಿ. ಬಳಸೋ ಕ್ರಮವನ್ನು ಡಾಕ್ಟ್ರಮ್ಮ ಮೇಡಂ ಬರೆದರೆ ಎಲ್ಲರಿಗೂ ಉಪಕಾರ.

ಡಾಕ್ಟ್ರಮ್ಮ, ಮೈಸೂರು

ಬರೀತೀನಿ, ಹಂಚಿಕೊಳ್ಳಿ.

ಗುರುತು: ಕರೆದರೆ ಎಚ್ಚರ ಇಲ್ಲ, ಎದೆಮೂಳೆಯ ಮೇಲೆ ಗೆಣ್ಣಿನಿಂದ ಜೋರಾಗಿ ಉಜ್ಜಿದರೂ ಪ್ರತಿಕ್ರಿಯೆ ಇಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ತುಟಿ ನೀಲಿ ಆಗುತ್ತೆ ಅಂತಾರೆ. ನಮ್ಮ ಮೈಬಣ್ಣದಲ್ಲಿ ಅದು ಬೂದು ಥರ ಕಾಣುತ್ತೆ, ಒಸಡು ಮತ್ತು ಉಗುರಿನ ಬುಡ ನೋಡಿ. ಗೊರಕೆ ಹೊಡೀತಿದ್ದಾನೆ, ಮಲಗಲಿ ಅಂತ ಬಿಟ್ಟು ಹೋಗಬೇಡಿ. ಎಷ್ಟೋ ಸಾವು ಹಾಗೇ ಆಗಿರೋದು.

ಮೊದಲು ಆಂಬುಲೆನ್ಸ್‌ಗೆ ಕರೆ: ಅಮೆರಿಕದಲ್ಲಿ 911, ಭಾರತದಲ್ಲಿ 108 ಅಥವಾ 112. ಅಂಗಾತ ಮಲಗಿಸಿ ತಲೆ ಹಿಂದಕ್ಕೆ ಬಾಗಿಸಿ, ನಳಿಕೆಯನ್ನು ಒಂದು ಮೂಗಿನ ಹೊಳ್ಳೆಯೊಳಗೆ ಪೂರ್ತಿ ಇಟ್ಟು ಹಿಂಬದಿಯ ಗುಂಡಿ ಒತ್ತಿ. ಕೆಲಸ ಮಾಡುತ್ತಾ ಅಂತ ಗಾಳಿಯಲ್ಲಿ ಒತ್ತಿ ನೋಡಬೇಡಿ, ಒಂದರಲ್ಲಿ ಒಂದೇ ಡೋಸ್ ಇರೋದು. ಉಸಿರು ಸರಿ ಇಲ್ಲದಿದ್ದರೆ ಬಾಯಿಂದ ಬಾಯಿಗೆ 5 ಸೆಕೆಂಡಿಗೆ ಒಂದು ಉಸಿರು. 2–3 ನಿಮಿಷದಲ್ಲಿ ಬದಲಾವಣೆ ಕಾಣದಿದ್ದರೆ ಹೊಸ ಸ್ಪ್ರೇ, ಇನ್ನೊಂದು ಹೊಳ್ಳೆಗೆ. ಉಸಿರು ಬಂದ ಮೇಲೆ ಮಗ್ಗುಲಾಗಿ ಮಲಗಿಸಿ, ವಾಂತಿ ಆದರೆ ಶ್ವಾಸಕೋಶಕ್ಕೆ ಹೋಗಬಾರದು.

ತಪ್ಪೋದು ಎಲ್ಲಿ ಅಂದ್ರೆ, ಎದ್ದು ಕೂತ ಅಂತ ಆಸ್ಪತ್ರೆ ಬೇಡ ಅನ್ನೋದರಲ್ಲಿ. ನಲೋಕ್ಸೋನ್ ಕೆಲಸ ಮಾಡೋದು 30ರಿಂದ 90 ನಿಮಿಷ, ಮೈಯಲ್ಲಿನ ಒಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಮದ್ದಿನ ಪ್ರಭಾವ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಕ್ಸೈಲಜೀನ್, ಮೆಡಿಟೊಮಿಡಿನ್‌ನಂಥ ಪಶುವೈದ್ಯದ ಮತ್ತುಮದ್ದು ಬೆರೆತಿದ್ದರೆ ಉಸಿರು ಬಂದರೂ ಎಚ್ಚರ ಬರೋಲ್ಲ. ಎಚ್ಚರ ಬರಲಿಲ್ಲ ಅಂತ ಸ್ಪ್ರೇ ಮೇಲೆ ಸ್ಪ್ರೇ ಹಾಕೋದು ಬೇಡ, ಉಸಿರು ನೋಡಿ. ಭಾರತದ ಆಸ್ಪತ್ರೆಗಳಲ್ಲಿ ಇರೋದು 0.4 ಮಿ.ಗ್ರಾಂ ಆಂಪೂಲ್, ಸ್ನಾಯುವಿಗೆ ಅಥವಾ ರಕ್ತನಾಳಕ್ಕೆ.

ಫೆಂಟನಿಲ್ ಮುಟ್ಟಿದರೇ ಸಾಯ್ತಾರೆ ಅನ್ನೋ ಸುದ್ದಿಗೂ ಉತ್ತರ ಇಲ್ಲೇ ಇರಲಿ. ನೋವಿಗೆ ಹಾಕೋ ಫೆಂಟನಿಲ್ ಪ್ಯಾಚ್ ಚರ್ಮದ ಮೂಲಕ ಹೋಗೋಕೆ ಅಂತಲೇ ತಯಾರಾದದ್ದು, ಅದಕ್ಕೂ ಪೂರ್ತಿ ಪರಿಣಾಮಕ್ಕೆ ಹಲವು ಗಂಟೆ ಬೇಕು. ಅಮೆರಿಕದ ವಿಷವೈದ್ಯರ ಸಂಘಗಳು 2017ರಲ್ಲೇ ಸ್ಪಷ್ಟವಾಗಿ ಹೇಳಿವೆ: ಪುಡಿ ಕೈಗೆ ತಾಗಿದ ಮಾತ್ರಕ್ಕೆ ಓವರ್‌ಡೋಸ್ ಆಗೋ ಸಾಧ್ಯತೆ ತೀರಾ ಕಡಿಮೆ. ಗ್ಲೌಸ್ ಹಾಕಿ, ಸೋಪು ನೀರಲ್ಲಿ ತೊಳೆಯಿರಿ, ಸ್ಯಾನಿಟೈಸರ್ ಬೇಡ. ಈ ಭಯದಿಂದ ಬಿದ್ದವನನ್ನು ಯಾರೂ ಮುಟ್ಟದೇ ಹೋದರೆ ಒಂದು ಜೀವ ಹೋಗುತ್ತೆ.

ಹುಬ್ಬಳ್ಳಿ ಮೆಡಿಕಲ್

ಮೇಡಂ ಅವರು ಹೇಳಿದ್ದು ಖರೆ ಐತ್ರಿ. ನಮ್ಮ ಕಡೆ ಸಮಸ್ಯೆ ಫೆಂಟನಿಲ್ ಅಲ್ಲ, ಟ್ಯಾಪೆಂಟಡಾಲ್ ಅನ್ನೂ ನೋವಿನ ಮಾತ್ರೆ. ಅದರಂಥದ್ದೇ ಇನ್ನೊಂದು ನೋವಿನ ಮಾತ್ರೆ ಟ್ರಮಡಾಲ್ 2018ರ ಏಪ್ರಿಲ್‌ನ್ಯಾಗ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಒಳಗ ಬಂತು, ಶಿಕ್ಷೆ ಲೆಕ್ಕಕ್ಕ 5 ಗ್ರಾಂ ಸಣ್ಣ ಪ್ರಮಾಣ, 250 ಗ್ರಾಂ ವಾಣಿಜ್ಯ ಪ್ರಮಾಣ ಅಂತ ಆತು. ಆಮೇಲೆ ಹುಡುಗ್ರು ಟ್ಯಾಪೆಂಟಡಾಲ್ ಕಡೆ ತಿರುಗಿದ್ರು. ಅದನ್ನ ಪುಡಿ ಮಾಡಿ ನೀರಿನ್ಯಾಗ ಕಲಸಿ ಚುಚ್ಚಿಕೋತಾರ. ಮಾತ್ರೆಯೊಳಗಿನ ಪಿಷ್ಟ, ಟಾಲ್ಕ್ ಕರಗೂದಿಲ್ಲ, ರಕ್ತನಾಳ ಕಟ್ಟತಾವ, ಕೀವು ಆಗತೈತಿ. ಒಂದೇ ಸೂಜಿ ನಾಲ್ಕು ಮಂದಿ ಬಳಸಿದ್ರ ಹೆಪಟೈಟಿಸ್ ಸಿ, ಎಚ್‌ಐವಿ.

ಶೆಡ್ಯೂಲ್ ಎಚ್1 (ಬಿಗಿ ನಿಗಾ ಇಟ್ಟ ಔಷಧಿಗಳ ಪಟ್ಟಿ) ಔಷಧಿ ಮಾರಿದ್ರ ಡಾಕ್ಟರ್ ಹೆಸರು ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಅನ್ನೂದನ್ನ ಬ್ಯಾರೆ ರಿಜಿಸ್ಟರ್‌ನ್ಯಾಗ ಬರದು ಮೂರು ವರ್ಷ ಇಡಬೇಕು. ಟ್ಯಾಪೆಂಟಡಾಲ್‌ಗೂ ಹಂಗ ಬರದು ಇಡ್ರಿ, ಯಾರೂ ಬ್ಯಾಡ ಅನ್ನೂದಿಲ್ಲ. ಕೌಂಟರ್‌ನ್ಯಾಗ ನೋಡಬೇಕಾದ್ದು: ಒಂದೇ ಚೀಟಿಯ ಝೆರಾಕ್ಸ್ ಮತ್ತ ಮತ್ತ ಬರೂದು, ತಾರೀಖು ತಿದ್ದಿದ್ದು, ಜೋಡಿ ಸಿರಿಂಜ್ ಕೇಳೂದು, ಸ್ಟ್ರಿಪ್ ಬ್ಯಾಡ ಬಾಕ್ಸೇ ಕೊಡ್ರಿ ಅನ್ನೂದು. ಚೀಟಿ ಮ್ಯಾಲೆ ಸಿಕ್ಕಾ ಹಾಕಿ, ಕೊಟ್ಟ ತಾರೀಖು ಬರದು ವಾಪಸ್ ಕೊಟ್ರ ಅದ ಚೀಟಿ ಇನ್ನೊಂದು ಅಂಗಡ್ಯಾಗ ನಡಿಯೂದಿಲ್ಲ.

ಗಡಿ ಮಾತಿಗೆ ಒಂದು: 2025ರ ಫೆಬ್ರುವರಿಯೊಳಗ ಟ್ಯಾಪೆಂಟಡಾಲ್ ಮತ್ತ ಸ್ನಾಯು ಸಡಿಲ ಮಾಡೂ ಕ್ಯಾರಿಸೊಪ್ರೊಡಾಲ್ ಎರಡೂ ಕೂಡಿಸಿದ ಮಾತ್ರೆ ಭಾರತದಿಂದ ಘಾನಾ, ನೈಜೀರಿಯಾಕ್ಕ ಹೋಗೂದು ಬಿಬಿಸಿ ತನಿಖೆಯಿಂದ ಹೊರಗ ಬಂತು. ಆಮೇಲೆ ಕೇಂದ್ರ ಆ ಮಾತ್ರೆಯ ತಯಾರಿಕೆ, ರಫ್ತು ಎರಡೂ ನಿಲ್ಲಿಸ್ತು. ಬಾಂಗ್ಲಾಕ್ಕ ಕೊಡೀನ್ ಕೆಮ್ಮಿನ ಸಿರಪ್ ದಾಟೂದಂತೂ ಹಳೇ ಕತಿ. ನಾವು ಬರೇ ತಗೊಳ್ಳೂ ದೇಶ ಅಲ್ಲ, ಕಳಸೂ ದೇಶನೂ ಹೌದು.

ನೋವುಶಮನ

ಎನ್‌ಡಿಪಿಎಸ್ ಬಿಗಿ ಮಾಡಿ ಅನ್ನೋರು ದಯವಿಟ್ಟು ಒಂದು ನಿಮಿಷ ಕೇಳಿ. 1985ರಲ್ಲಿ ಆ ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಡೋಕೆ ಬೇರೆ ಬೇರೆ ಇಲಾಖೆಗಳಿಂದ ಹಲವು ಪರವಾನಗಿ ಬೇಕಾಯ್ತು, ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರ್ತಿತ್ತು. ಕಾನೂನುಬದ್ಧವಾಗಿ ಅಫೀಮು ಬೆಳೆದು ರಫ್ತು ಮಾಡೋ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ಪ್ಯಾರಸಿಟಮಾಲ್ ನುಂಗಿ ನರಳಿದರು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಆರನ್ನೂ ಅತ್ಯಗತ್ಯ ಮಾದಕ ಔಷಧ ಅಂತ ಗುರುತಿಸಿ, ರಾಜ್ಯ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಅಂತ ಮಾಡಿತು. ಆದರೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಮಾನ್ಯತೆಗೆ ಅರ್ಜಿಯನ್ನೇ ಹಾಕದ ಆಸ್ಪತ್ರೆಗಳು ಎಷ್ಟೋ. ಬೆಂಗಳೂರಿನ ಕಿದ್ವಾಯಿ, ಕರುಣಾಶ್ರಯಕ್ಕೆ ಹೋಗೋಕಾಗದ ರೋಗಿಯ ಗತಿ ಏನು?

ಬಾಯಿಂದ ಕೊಡೋ ಮಾರ್ಫಿನ್ 5 ಮಿ.ಗ್ರಾಂನಿಂದ ನಾಲ್ಕು ಗಂಟೆಗೊಮ್ಮೆ ಶುರುಮಾಡಿ, ಜೊತೆಗೆ ಮಲಬದ್ಧತೆಗೆ ಔಷಧಿ ಬರೆದು, ವಾರದಲ್ಲಿ ಮತ್ತೆ ನೋಡಿದರೆ ಅದು ಚಿಕಿತ್ಸೆ. ಅಮೆರಿಕದಲ್ಲಿ ಆದದ್ದು ಬೇರೆ. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಅನ್ನೋ ಒಪಿಯಾಯ್ಡ್ ನೋವಿನ ಮಾತ್ರೆ ತಂದು, ನಿಧಾನವಾಗಿ ಬಿಡುಗಡೆಯಾಗೋದರಿಂದ ದುರ್ಬಳಕೆ ಕಡಿಮೆ ಅನ್ನೋ ಅರ್ಥದ ಸಾಲು ಲೇಬಲ್‌ನಲ್ಲೇ ಇದ್ದದ್ದನ್ನು ಹಿಡಿದುಕೊಂಡು ಬೆನ್ನುನೋವು, ಮಂಡಿನೋವಿಗೂ ಮಾರಿತು. 2007ರಲ್ಲಿ ತಪ್ಪೊಪ್ಪಿಗೆ, 60 ಕೋಟಿ ಡಾಲರ್‌ಗೂ ಹೆಚ್ಚು ದಂಡ. 2010ರಲ್ಲಿ ಮಾತ್ರೆಯನ್ನು ಪುಡಿಯಾಗದಂತೆ ಬದಲಿಸಿದಾಗ ಅಂಟಿಕೊಂಡಿದ್ದವರು ಹೆರಾಯಿನ್‌ಗೆ ಹೋದರು, 2013ರ ನಂತರ ಫೆಂಟನಿಲ್. ಪೂರೈಕೆ ಕತ್ತರಿಸಿದವರು ಅದೇ ದಿನ ಚಿಕಿತ್ಸೆಯ ಬಾಗಿಲು ತೆಗೆಯಲಿಲ್ಲ. ಹುಬ್ಬಳ್ಳಿಯವರು ಹೇಳಿದ ಟ್ರಮಡಾಲ್‌–ಟ್ಯಾಪೆಂಟಡಾಲ್ ಕತೆಯೂ ಇದೇ.

ಪಣಂಬೂರು

ಅದು ಸರಿ. ಆದರೆ ಜಾರಿ ಕ್ರಮದಿಂದ ಏನೂ ಆಗಲಿಲ್ಲ ಅಂತಲೂ ಬರೆಯೋದು ಬೇಡ. ಅಮೆರಿಕದಲ್ಲಿ 2023ಕ್ಕೆ ಸುಮಾರು 1,05,000 ಇದ್ದ ಓವರ್‌ಡೋಸ್ ಸಾವು 2024ರಲ್ಲಿ ಸುಮಾರು 80,000ಕ್ಕೆ ಇಳಿದಿದೆ. ಅದೇ ಹೊತ್ತಿಗೆ ಪುಡಿಯ ಶುದ್ಧತೆಯೂ ಇಳಿದಿದೆ. ಮಾಲು ತೆಳುವಾಗಿದ್ದೇ ಒಂದು ಕಾರಣ ಅಂತ ನನಗೆ ಅನಿಸ್ತದೆ.

ಡಾಕ್ಟ್ರಮ್ಮ, ಮೈಸೂರು

ಒಂದು ಕಾರಣ ಇರಬಹುದು. ನಲೋಕ್ಸೋನ್ ಅಂಗಡಿಯಲ್ಲಿ ಸಿಗೋಕೆ ಶುರುವಾದದ್ದು, ಒಪಿಯಾಯ್ಡ್ ಚಟದ ಚಿಕಿತ್ಸೆಗೆ ಕೊಡೋ ಬ್ಯುಪ್ರೆನಾರ್ಫಿನ್ ಬರೆಯೋಕೆ ಡಾಕ್ಟರುಗಳಿಗೆ ಬೇಕಿದ್ದ ವಿಶೇಷ ಅನುಮತಿ 2022ರ ಡಿಸೆಂಬರ್‌ನಲ್ಲಿ ರದ್ದಾದದ್ದು, ಇವೂ ಅದೇ ಅವಧಿಯವೇ. ಅಪಾಯದಲ್ಲಿದ್ದವರಲ್ಲಿ ಎಷ್ಟೋ ಜನ ಆಗಲೇ ಸತ್ತುಹೋಗಿದ್ದರು ಅನ್ನೋ ದುಃಖದ ಕಾರಣವೂ ಇದೆ.

ನಮ್ಮ ಕುಟುಂಬಗಳಿಗೆ ಒಂದು ವಿಷಯ. ಹತ್ತು ದಿನ ಸೇರಿಸಿ, ಪೂರ್ತಿ ಬಿಡಿಸಿ, ಔಷಧಿ ಇಲ್ಲದೆ ಮನೆಗೆ ಕಳಿಸೋದೇ ಚಿಕಿತ್ಸೆ ಅಂತ ನಂಬಬೇಡಿ. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತೆ, ಹಳೇ ಪ್ರಮಾಣವನ್ನೇ ತಗೊಂಡರೆ ಉಸಿರು ನಿಲ್ಲುತ್ತೆ. ಜೈಲಿಂದ, ಡೀಅಡಿಕ್ಷನ್ ಕೇಂದ್ರದಿಂದ ಬಂದ ಮೊದಲ ವಾರಗಳೇ ಅತ್ಯಂತ ಅಪಾಯದ್ದು. ಬ್ಯುಪ್ರೆನಾರ್ಫಿನ್ ನಾಲಿಗೆಯಡಿ ಇಡೋ ಮಾತ್ರೆ, ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ನಡೆಯಬೇಕು. ಮೊದಲ ಡೋಸ್ ಅವಸರದಲ್ಲಿ ಕೊಡೋ ಹಾಗಿಲ್ಲ. ಹೆರಾಯಿನ್ ಆದರೆ ಕನಿಷ್ಠ 12 ಗಂಟೆ ಕಾದು, ಬೆವರು, ಆಕಳಿಕೆ, ಅಗಲವಾದ ಪಾಪೆ, ಮೈಕೈ ನೋವು ಕಾಣಿಸಿಕೊಂಡ ಮೇಲೆ ಕೊಡೋದು. ಮೊದಲೇ ಕೊಟ್ಟರೆ ಒಂದೇ ಏಟಿಗೆ ತೀವ್ರ ವಿತ್‌ಡ್ರಾವಲ್ (ಚಟ ಬಿಟ್ಟಾಗಿನ ಸಂಕಟ) ಬಂದು ರೋಗಿ ಮತ್ತೆ ಆ ಮಾತ್ರೆ ಮುಟ್ಟಲ್ಲ. ಇದನ್ನು ಡಾಕ್ಟರ್ ಹತ್ತಿರವೇ ಶುರುಮಾಡಿ.

ಹುಬ್ಬಳ್ಳಿ ಮೆಡಿಕಲ್

ಮೇಡಂ, ಪೊಲೀಸ್ರು ಹಿಡೀತಾರ ಅಂತ ಮಂದಿ ದವಾಖಾನಿಗೆ ಹೋಗೂದಿಲ್ಲ. ಅದಕ್ಕೇನು ಹೇಳೂದ್ರಿ?

ಗಡಿರೇಖೆ

ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ತೋರಿಸಿ. ಸೇವನೆಯ ಆರೋಪ ಅಥವಾ ಸಣ್ಣ ಪ್ರಮಾಣದ ಆರೋಪ ಇರೋ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಹಾಗಾಗಿ ದಾಖಲಾತಿ ಚೀಟಿ, ಪ್ರತಿ ಭೇಟಿಯ ಒಪಿಡಿ ಚೀಟಿ ಎಲ್ಲ ಜೋಪಾನ ಮಾಡೋಕೆ ಹೇಳಿ. ಡೀಅಡಿಕ್ಷನ್ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಕನ್ನಡದಲ್ಲೂ ಮಾತಾಡ್ತಾರೆ. 1933 ಎನ್‌ಸಿಬಿಯ ಸಹಾಯವಾಣಿ. ಮಾರಾಟ, ಸಾಗಣೆಯ ಮಾಹಿತಿ ಕೊಡೋದಿದ್ದರೆ ಅಲ್ಲಿಗೆ ಮಾಡಿ, ಹೆಸರು ಹೇಳದೆಯೂ ತಿಳಿಸಬಹುದು.